ಹೊಸೂರು ಕೈತಪ್ಪಿದ್ದು 1956ರಲ್ಲಿ ಅನ್ನುವವರಿಗೆ ಒಂದು ಮಾತು

ಪಿನಾಕಿನಿ ದಡ

ಪ್ರತಿ ನವೆಂಬರ್‌ನಲ್ಲಿ ಇದೇ ಮಾತು ಬರುತ್ತದೆ. "1956ರಲ್ಲಿ ನಮ್ಮ ನಾಯಕರು ಗಟ್ಟಿಯಾಗಿ ನಿಂತಿದ್ದರೆ ಹೊಸೂರು ಕರ್ನಾಟಕದಲ್ಲಿ ಇರುತ್ತಿತ್ತು." 1956 ಅಂದರೆ ಭಾಷೆ ನೋಡಿ ರಾಜ್ಯಗಳನ್ನು ಹಂಚಿದ ವರ್ಷ. ಹೊಸೂರು ಈಗ ತಮಿಳುನಾಡಿನಲ್ಲಿದೆ, ಬೆಂಗಳೂರಿಂದ 40 ಕಿಲೋಮೀಟರ್ ದೂರದ ಊರು, ಚೆನ್ನೈಗೆ 300 ಕಿಲೋಮೀಟರ್. ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಹೊಸೂರಿನ ಹಣೆಬರಹ ಬರೆದದ್ದು 1956 ಅಲ್ಲ. ಅದಕ್ಕಿಂತ 157 ವರ್ಷ ಮುಂಚೆ, ಟಿಪ್ಪು ಸತ್ತ ವರ್ಷದಲ್ಲೇ ಅದು ಆಗಿಹೋಗಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆಗುತ್ತದೆ, ಓದಿ.

ಮೊದಲು ನೆಲ ನೋಡಿ. ಬೆಂಗಳೂರಿಂದ ಹೊಸೂರಿಗೆ ಹೋಗುವಾಗ ಎಲ್ಲಾದರೂ ಘಾಟಿ ಇಳಿಯುತ್ತೀರಾ? ಇಲ್ಲ. ಚಂದಾಪುರ, ಅತ್ತಿಬೆಲೆ, ಆಮೇಲೆ ಜೂಜುವಾಡಿ, ಎಲ್ಲ ಒಂದೇ ಮಟ್ಟ. ನಡುವೆ ನದಿ ಇಲ್ಲ, ಬೆಟ್ಟದ ಸಾಲು ಇಲ್ಲ, ಒಂದು ಕಮಾನು ಮತ್ತು ಚೆಕ್‌ಪೋಸ್ಟ್ ಇಲ್ಲದಿದ್ದರೆ ರಾಜ್ಯ ಬದಲಾದದ್ದೇ ಗೊತ್ತಾಗುವುದಿಲ್ಲ. ಹೊಸೂರು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 900 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ಒಂದಿಷ್ಟು ಕಡಿಮೆ ಅಷ್ಟೇ. ಅದೇ ಹವೆ, ಅದೇ ಕೆಂಪು ಮಣ್ಣು, ಅದೇ ರಾಗಿ, ಅವರೆ, ಹುರುಳಿ, ಊರಿಗೊಂದು ಕೆರೆ. ನಿಜವಾದ ಇಳಿಜಾರು ಶುರುವಾಗುವುದು ಶೂಳಗಿರಿ ದಾಟಿ ಕೃಷ್ಣಗಿರಿ ಕಡೆ ಹೋಗುವಾಗ. ಅಲ್ಲಿ ನೆಲ ಸುಮಾರು 500 ಮೀಟರ್‌ಗೆ ಇಳಿಯುತ್ತದೆ, ಬಿಸಿಲು ಬೇರೆ, ಗಾಳಿ ಬೇರೆ, ಮಾವಿನ ತೋಪುಗಳು ಶುರುವಾಗುತ್ತವೆ. ಅಂದರೆ ಮೈಸೂರು ಪ್ರಸ್ಥಭೂಮಿಯ ಆಗ್ನೇಯ ಮೂಲೆ ಹೊಸೂರು. ಭೂಗೋಳ ಹಾಕಿದ ಗೆರೆ ಒಂದು ಕಡೆ ಇದೆ, ಸರ್ಕಾರ ಹಾಕಿದ ಗೆರೆ ಇನ್ನೊಂದು ಕಡೆ.

ಒಂದು ಕಾಲದಲ್ಲಿ ಇವೆರಡೂ ಒಂದೇ ಕಡೆ ಇದ್ದವು. 1792ರಲ್ಲಿ ಮೂರನೇ ಮೈಸೂರು ಯುದ್ಧ ಮುಗಿದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಆಗ ಘಟ್ಟದ ಕೆಳಗಿನ ಬಾರಾಮಹಲ್, ಅಂದರೆ ಕೃಷ್ಣಗಿರಿ, ಧರ್ಮಪುರಿ ಸೀಮೆ, ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಹೊಸೂರು ಮಾತ್ರ ಟಿಪ್ಪುವಿನ ಕೈಯಲ್ಲೇ ಉಳಿಯಿತು. 1791ರ ಜುಲೈನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಹೊಸೂರು ಕೋಟೆ ಹಿಡಿದಿತ್ತು, ಆದರೂ ಒಪ್ಪಂದದಲ್ಲಿ ಅದು ವಾಪಸ್ ಬಂತು. ಆ ಏಳು ವರ್ಷ ಗಡಿ ಸರಿಯಾಗಿ ಘಟ್ಟದ ಅಂಚಿನಲ್ಲೇ ಇತ್ತು.

1799ರಲ್ಲಿ ಇದು ಬದಲಾಯಿತು. ಆ ವರ್ಷ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ದೊಡ್ಡ ಸೇನೆ ರಾಯಕೋಟೆ, ಕೆಲಮಂಗಲ, ಆನೇಕಲ್ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ಹೋಯಿತು. ಮೇ 4ಕ್ಕೆ ಕೋಟೆ ಬಿತ್ತು. ಆಮೇಲೆ ರಾಜ್ಯ ಹಂಚುವಾಗ ಕಂಪನಿಯವರು ಒಂದು ಷರತ್ತು ಹಾಕಿಕೊಂಡರು: ಘಟ್ಟ ಹತ್ತುವ ದಾರಿಗಳ ಮೇಲ್ತುದಿಯಲ್ಲಿ ಇರುವ ಕೋಟೆ, ಠಾಣೆಗಳೆಲ್ಲ ನಮಗೆ ಬೇಕು. ಮುಂದೆ ಮೈಸೂರಲ್ಲಿ ಯಾರೇ ತಿರುಗಿಬಿದ್ದರೂ ಮದ್ರಾಸಿನ ಸೇನೆ ಯಾರನ್ನೂ ಕೇಳದೆ ಮೇಲೆ ಬರಬೇಕು, ಅದಕ್ಕೆ. ಹೊಸೂರು, ಡೆಂಕಣಿಕೋಟೆ ಸೀಮೆ ಹೋದದ್ದು ಹೀಗೆ. ಪಕ್ಕದ ಆನೇಕಲ್ ಮೈಸೂರಿಗೆ ಉಳಿಯಿತು. ಆಮೇಲೆ ಹೊಸೂರು ಸೀಮೆಯನ್ನು ಸೇಲಂ ಜಿಲ್ಲೆಗೆ ಸೇರಿಸಿದರು. ಆ ಜಿಲ್ಲೆಯ ಹಳೇ ಕಾಗದಗಳಲ್ಲಿ ಮೂರು ಭಾಗ ಇರುತ್ತದೆ: ತಲಘಾಟ್, ಬಾರಾಮಹಲ್, ಬಾಲಘಾಟ್. ಬಾಲಘಾಟ್ ಅಂದರೆ ಘಟ್ಟದ ಮೇಲಿನದು, ನಮ್ಮ ಹೊಸೂರು ಸೀಮೆ. ಇದು ಬೇರೆ ನೆಲ ಅಂತ ಅವರಿಗೂ ಗೊತ್ತಿತ್ತು ಅಲ್ವಾ?

ಹಾಗಾಗಿ ಭಾಷೆ ನೋಡಿ, ಜನರನ್ನು ಕೇಳಿ ಹಾಕಿದ ಗಡಿ ಅಲ್ಲ ಇದು. ಸೈನ್ಯದ ದಾರಿಗೆ ಹಾಕಿದ ಗಡಿ. ಆ ಸೈನ್ಯ ಹೋಯಿತು, ದಾರಿ ಈಗ ರಾಷ್ಟ್ರೀಯ ಹೆದ್ದಾರಿ 44 ಆಗಿದೆ, ಗೆರೆ ಮಾತ್ರ ಉಳಿದಿದೆ.

ಆನೇಕಲ್ ಕಡೆಯವನು

ಒಳ್ಳೇ ಬರಹ. 1799ರ ವಿಷಯ ಒಪ್ಪುತ್ತೇನೆ. ಆದರೆ "157 ವರ್ಷ ಮುಂಚೆಯೇ ಆಗಿಹೋಗಿತ್ತು" ಅನ್ನುವುದು ವಾದ ಆಗುವುದಿಲ್ಲ. ಬಳ್ಳಾರಿ ನೋಡಿ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ಅದು. 150 ವರ್ಷ ಮದ್ರಾಸಿನಲ್ಲಿ ಇತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂತು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿ ಇತ್ತು, 1956ರಲ್ಲಿ ಬಂತು. ದಕ್ಷಿಣ ಕನ್ನಡವೂ 1799ರಿಂದ ಕಂಪನಿಯ ಕೈಯಲ್ಲಿದ್ದದ್ದೇ. ಇವೆಲ್ಲ ತಿರುಗಿ ಬಂದವಲ್ಲ? ಹಾಗಾದರೆ ಹೊಸೂರು ಏಕೆ ಬರಲಿಲ್ಲ? 1799ರಲ್ಲಿ ಹೋಯಿತು ಸರಿ, 1956ರಲ್ಲಿ ಸರಿ ಮಾಡುವ ಅವಕಾಶ ಇತ್ತು. ಅದನ್ನು ಸುಮ್ನೆ ಬಿಟ್ಟೆವು ಅನ್ನುವ ನೋವು ಸುಳ್ಳಲ್ಲ.

ಬಾಗಲೂರು ರಸ್ತೆ

ಆನೇಕಲ್‌ನವರೇ, ನಾನು ಹೊಸೂರಿನ ಕಡೆಯವನೇ, ಮನೆಮಾತು ತೆಲುಗು. ಉತ್ತರ ನಾನು ಕೊಡುತ್ತೇನೆ.

ಬಳ್ಳಾರಿ, ಕೊಳ್ಳೇಗಾಲದಲ್ಲಿ ಕನ್ನಡದವರೇ ಜಾಸ್ತಿ ಅಂತ ತೋರಿಸಲು ಆಗುತ್ತಿತ್ತು. ಬಳ್ಳಾರಿ ಜಿಲ್ಲೆಯಲ್ಲೇ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಲಿಲ್ಲವೇ? ತಾಲ್ಲೂಕು ತಾಲ್ಲೂಕು ಎಣಿಸಿ ಹಂಚಿದರು. ಹೊಸೂರು ತಾಲ್ಲೂಕಿನಲ್ಲಿ ಎಣಿಸಿದರೆ ಏನು ಸಿಗುತ್ತಿತ್ತು? ತೆಲುಗು, ಕನ್ನಡ, ತಮಿಳು ಮೂರೂ ಗಟ್ಟಿಯಾಗಿದ್ದವು, ಯಾವುದಕ್ಕೂ ಅರ್ಧಕ್ಕಿಂತ ಜಾಸ್ತಿ ಇರಲಿಲ್ಲ. ಬಾಗಲೂರು, ಬೇರಿಕೆ, ಶೂಳಗಿರಿ ಪಾಳೇಗಾರರ ಊರುಗಳು, ಅಲ್ಲಿ ತೆಲುಗು ಜಾಸ್ತಿ. ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಕನ್ನಡ. ಪೇಟೆಯಲ್ಲಿ ಎಲ್ಲವೂ. ಭಾಷೆ ನೋಡಿ ರಾಜ್ಯ ಮಾಡುವ ಆಯೋಗದ ಮುಂದೆ ಇಂಥ ತಾಲ್ಲೂಕು ಇಟ್ಟರೆ, ಇದ್ದ ಕಡೆ ಇರಲಿ ಅನ್ನುವುದೇ ಅವರಿಗೆ ಸುಲಭ. ಹಾಗೇ ಆಯಿತು.

ನಮ್ಮ ಮನೆ ವಿಷಯ ಹೇಳಬೇಕೆಂದರೆ ಅಜ್ಜಿಯ ಜೊತೆ ತೆಲುಗು, ಮಾಲೂರು ಸಂತೆಗೆ ಹೋದರೆ ಕನ್ನಡ, ಶಾಲೆಯಲ್ಲಿ ತಮಿಳು. ಇದರಲ್ಲಿ ಯಾವುದನ್ನು ತೆಗೆದು "ಇದು ನಿನ್ನದಲ್ಲ" ಅಂದರೂ ನಮಗೆ ಬೇಜಾರಾಗುತ್ತದೆ. ನಮ್ಮೂರು ಕರ್ನಾಟಕದ್ದಾಗಬೇಕಿತ್ತು ಅಂತ ನೀವು ಹೇಳುವಾಗ, ತೆಲುಗಿನವರು ಅಲ್ಲಿ ಇದ್ದಾರೆ ಅನ್ನುವುದೇ ಯಾರ ನೆನಪಿಗೂ ಬರುವುದಿಲ್ಲ. ಸ್ವಲ್ಪ ನೆನಪಿಡಿ ಸ್ವಾಮಿ.

ಬಾಗಲೂರು ಹೆಸರು ಬಂತು, ಒಂದು ಕಥೆ ಹೇಳಿಬಿಡುತ್ತೇನೆ. ಮೊದಲನೇ ಮೈಸೂರು ಯುದ್ಧದಲ್ಲಿ, 1768ರ ಕೊನೆಗೆ, ಹೈದರ್ ಹೊಸೂರಿಗೆ ಮುತ್ತಿಗೆ ಹಾಕಿದ್ದ. ಒಳಗಿದ್ದ ಇಂಗ್ಲಿಷರನ್ನು ಬಿಡಿಸಲು ಕರ್ನಲ್ ವುಡ್ ಬಂದ. ಭಾರದ ಸಾಮಾನು, ದೊಡ್ಡ ತೋಪುಗಳನ್ನು ಬಾಗಲೂರಿನಲ್ಲಿ ಬಿಟ್ಟು, ಹಗುರಾಗಿ ಹೊಸೂರಿಗೆ ಓಡಿದ. ಹೈದರ್ ಅವನನ್ನು ಒಳಗೆ ಹೋಗಲು ಬಿಟ್ಟು, ತಾನು ಸುತ್ತು ಹಾಕಿ ಬಾಗಲೂರಿಗೆ ಬಿದ್ದ. ತೋಪು, ಸಾಮಾನು ಎಲ್ಲ ಬಾಚಿಕೊಂಡು ಹೋದ. ನಮ್ಮೂರ ಹುಡುಗರಿಗೆ ಇದು ಗೊತ್ತೇ ಇಲ್ಲ, ಯಾವ ಪಾಠದಲ್ಲೂ ಇಲ್ಲ. ಬೆಂಗಳೂರಿನವರಿಗೆ ಹೊಸೂರು ಇತಿಹಾಸವೇ ಇಲ್ಲದ ಫ್ಯಾಕ್ಟರಿ ಊರು, ಚೆನ್ನೈನವರಿಗೆ ನಕ್ಷೆಯ ತುದಿ.

ಶಾಸನದ ಹುಚ್ಚು

ಇತಿಹಾಸವೇ ಇಲ್ಲ ಅನ್ನುವವರಿಗೆ ಕುಂದಾಣಿ ತೋರಿಸಬೇಕು.

1254ರಲ್ಲಿ ಹೊಯ್ಸಳ ರಾಜ್ಯ ಎರಡು ಪಾಲಾಯಿತು. ಸೋಮೇಶ್ವರನ ಒಬ್ಬ ಮಗ ಮೂರನೇ ನರಸಿಂಹ ದೋರಸಮುದ್ರದಿಂದ ಆಳಿದ. ಇನ್ನೊಬ್ಬ ಮಗ ರಾಮನಾಥನಿಗೆ ತಮಿಳು ಸೀಮೆ ಬಂತು, ಶ್ರೀರಂಗದ ಹತ್ತಿರದ ಕಣ್ಣನೂರು ಅವನ ರಾಜಧಾನಿ. ಪಾಂಡ್ಯರು ಒತ್ತಿಕೊಂಡು ಬಂದ ಮೇಲೆ ರಾಮನಾಥ ಕಣ್ಣನೂರು ಬಿಟ್ಟು ಮೇಲೆ ಬಂದು ಕುಂದಾಣಿಯಲ್ಲಿ ನಿಂತ. ಹಳಬರು ಕೆಲವರು ಇದನ್ನು ದೇವನಹಳ್ಳಿ ಹತ್ತಿರದ ಕುಂದಾಣ ಅಂತ ಗುರುತಿಸಿದ್ದರು. ಆದರೆ ಶಾಸನಗಳು ಸಿಕ್ಕಿರುವ ಜಾಗ ನೋಡಿದರೆ ಹೊಸೂರು ಸೀಮೆಯ ಕುಂದಾಣಿಯೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿಂದಲೇ ಅವನು ಅಣ್ಣತಮ್ಮಂದಿರ ಜಗಳ ಮುಂದುವರಿಸಿದ. ಕೊನೆಗೆ ಎರಡು ಪಾಲನ್ನೂ ಮತ್ತೆ ಒಂದು ಮಾಡಿದ್ದು ನರಸಿಂಹನ ಮಗ ಮೂರನೇ ಬಲ್ಲಾಳ.

ಯೋಚನೆ ಮಾಡಿ. ಕನ್ನಡ ಅರಸು ಮನೆತನದ ಒಬ್ಬ ರಾಜ, ಅವನ ಶಾಸನಗಳು ಜಾಸ್ತಿ ತಮಿಳಿನಲ್ಲಿ, ಅವನ ರಾಜಧಾನಿ ಘಟ್ಟದ ಅಂಚಿನಲ್ಲಿ. ಇವತ್ತು ಅವನನ್ನು ಯಾವ ರಾಜ್ಯಕ್ಕೆ ಸೇರಿಸುತ್ತೀರಿ? ಹೊಸೂರಿನ ಬೆಟ್ಟದ ಮೇಲಿನ ಚಂದ್ರಚೂಡೇಶ್ವರ ಗುಡಿಯಲ್ಲೂ ಹೊಯ್ಸಳರ ಕಾಲದ ಗುರುತುಗಳಿವೆ. ಅಲ್ಲಿನ ತೇರಿಗೆ ಆನೇಕಲ್, ಮಾಲೂರು ಕಡೆಯಿಂದ ಜನ ಈಗಲೂ ಹೋಗುತ್ತಾರೆ. ಡೆಂಕಣಿಕೋಟೆಯ ಬೇಟರಾಯಸ್ವಾಮಿಗೆ ನಡೆದುಕೊಳ್ಳುವ ಒಕ್ಕಲುಗಳು ಎರಡೂ ರಾಜ್ಯದಲ್ಲಿವೆ.

ಇನ್ನೊಂದು ಮಾತು. ರಾಜಾಜಿ ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, 1878ರಲ್ಲಿ. ಓದಿದ್ದು ಮೊದಲು ಹೊಸೂರಿನ ಶಾಲೆ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಕಾನೂನಿಗೆ ಮದ್ರಾಸು, ವಕೀಲಿಕೆಗೆ ಸೇಲಂ. ಆ ಕಾಲದ ಹೊಸೂರಿನವರ ದಾರಿ ಇದೇ. ಓದಲು ಬೆಂಗಳೂರು, ಕಚೇರಿಗೆ ಸೇಲಂ.

ಪಿನಾಕಿನಿ ದಡ

ಆನೇಕಲ್‌ನವರ ಪ್ರಶ್ನೆ ಸರಿಯಾದದ್ದು, ಬಾಗಲೂರಿನವರ ಉತ್ತರ ಇನ್ನೂ ಸರಿ. ನಾನು ಒಂದು ಸೇರಿಸುತ್ತೇನೆ. ಒಂದೂವರೆ ಶತಮಾನ ಕಚೇರಿ ಯಾವ ಕಡೆ ಇರುತ್ತದೋ ಊರು ಆ ಕಡೆ ತಿರುಗುತ್ತದೆ. ಪಹಣಿ, ಕೋರ್ಟು, ಕಂದಾಯ ಎಲ್ಲ ಸೇಲಂ, 150 ಕಿಲೋಮೀಟರ್ ಆಚೆ. 1965ರಲ್ಲಿ ಧರ್ಮಪುರಿ ಜಿಲ್ಲೆ ಆಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಜಿಲ್ಲಾ ಕಚೇರಿ ಹೊಸೂರಿಗೆ ಹತ್ತಿರ ಬರಲು 200 ವರ್ಷ ಹಿಡಿಯಿತು, ಆಗಲೂ ಅದು ಘಟ್ಟದ ಕೆಳಗೇ.

ರೈಲಿನ ಕಥೆಯೂ ಹಾಗೇ. ಹೊಸೂರಿಗೆ ಮೊದಲು ಬಂದ ರೈಲು ಬೆಂಗಳೂರಿನ ಕಡೆಯಿಂದ ಬಂದದ್ದಲ್ಲ. ಮೊರಪ್ಪೂರಿಂದ ಧರ್ಮಪುರಿಗೆ 1906ರಲ್ಲಿ ಒಂದು ಚಿಕ್ಕ ಗೇಜಿನ ಸಾಲು ಹಾಕಿದರು, 1913ರಲ್ಲಿ ಅದನ್ನು ಘಟ್ಟ ಹತ್ತಿಸಿ ಹೊಸೂರಿಗೆ ತಂದರು. ಅಲ್ಲಿಗೇ ನಿಲ್ಲಿಸಿದರು. ಇನ್ನು 40 ಕಿಲೋಮೀಟರ್ ಸಪಾಟು ನೆಲ, ಒಂದು ಸುರಂಗ ಬೇಡ, ದೊಡ್ಡ ಸೇತುವೆ ಬೇಡ, ಬೆಂಗಳೂರು ಮುಟ್ಟುತ್ತಿತ್ತು. ಆದರೆ ಗಡಿ ಆಚೆ ಮೈಸೂರು ಸಂಸ್ಥಾನ. ಕೊನೆಗೆ ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಆ ಸಾಲನ್ನೇ ಕಿತ್ತರು. ಬೆಂಗಳೂರು-ಸೇಲಂ ರೈಲು ಹೊಸೂರಿನ ಮೇಲೆ ಓಡಿದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷದ ಮೇಲೆ.

ಶಿಫ್ಟ್ ಮುಗಿಸಿ ಬಂದವನು

ಎಲ್ಲರೂ ರಾಜರ ಕಾಲದಲ್ಲೇ ಇದ್ದೀರಿ, ನಾನು ಫ್ಯಾಕ್ಟರಿ ಕಾಲ ಹೇಳುತ್ತೇನೆ. ಹೊಸೂರನ್ನು ಊರಿಂದ ನಗರ ಮಾಡಿದ್ದು ಸಿಪ್ಕಾಟ್. 1971ರಲ್ಲಿ ತಮಿಳುನಾಡು ಸರ್ಕಾರ ಈ ಕೈಗಾರಿಕಾ ನಿಗಮ ಶುರು ಮಾಡಿತು, ಸ್ವಲ್ಪ ಕಾಲದಲ್ಲೇ ಹೊಸೂರಲ್ಲಿ ಕೈಗಾರಿಕಾ ಪ್ರದೇಶ ತೆರೆಯಿತು. ಅವರ ಲೆಕ್ಕ ಸರಳ. ಹಿಂದುಳಿದ ಪ್ರದೇಶ ಅಂತ ರಿಯಾಯಿತಿ ಕೊಡಬಹುದು, ಪಕ್ಕದಲ್ಲೇ ಬೆಂಗಳೂರು ಇದೆ, ಎಂಜಿನಿಯರುಗಳು ಬರುತ್ತಾರೆ, ಹವೆ ಚೆನ್ನಾಗಿದೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಇಲ್ಲಿಂದಲೇ ಹೊರಗೆ ಬಂತು. ಅಶೋಕ್ ಲೇಲ್ಯಾಂಡ್ ಬಂತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಟೈಟನ್ ಶುರು ಮಾಡಿದಾಗ ಕಾರ್ಖಾನೆ ಹೊಸೂರಿನಲ್ಲಿ ಕಟ್ಟಿದರು. 1799ರಲ್ಲಿ ಯಾವ ಗಡಿಯಿಂದ ನಷ್ಟ ಆಯಿತು ಅನ್ನುತ್ತಿದ್ದೀರೋ, ಅದೇ ಗಡಿಯಿಂದ ಈ ಊರಿಗೆ ಕೆಲಸ ಬಂತು. ಕರ್ನಾಟಕದಲ್ಲಿ ಇದ್ದಿದ್ದರೆ ಇದು ಬೆಂಗಳೂರಿನ ಇನ್ನೊಂದು ಹೊರವಲಯ ಆಗಿರುತ್ತಿತ್ತು ಅಷ್ಟೇ ಅಂತ ನನಗೆ ಅನ್ನಿಸುತ್ತದೆ.

2011ರ ಗಣತಿಯಲ್ಲಿ ನಗರಸಭೆಯ ಜನ ಸುಮಾರು 1.16 ಲಕ್ಷ. 2019ರಲ್ಲಿ ಸುತ್ತಲಿನ ಜಾಗ ಸೇರಿಸಿ ಮಹಾನಗರಪಾಲಿಕೆ ಮಾಡಿದರು. ಆದರೆ ನಮ್ಮ ದಿನದ ಕಷ್ಟ ಬೇರೆ. ಬಿಎಂಟಿಸಿ ಹೆಚ್ಚಾಗಿ ಅತ್ತಿಬೆಲೆವರೆಗೆ, ಆಮೇಲೆ ತಮಿಳುನಾಡು ಬಸ್ಸು ಅಥವಾ ಆಟೋ. ಕಾವೇರಿ ಗಲಾಟೆ ಆದಾಗಲೆಲ್ಲ ಪ್ರತಿಭಟನೆ ನಡೆಯುವುದು ಅತ್ತಿಬೆಲೆಯಲ್ಲೇ. 2016ರ ಸೆಪ್ಟೆಂಬರ್‌ನಲ್ಲಿ ಬಸ್ಸು ನಿಂತಾಗ ಜನ ಮಕ್ಕಳನ್ನು ಎತ್ತಿಕೊಂಡು, ಚೀಲ ಹೊತ್ತುಕೊಂಡು ಅತ್ತಿಬೆಲೆಯಿಂದ ಜೂಜುವಾಡಿಗೆ ನಡೆದರು, ನಾನೂ ನಡೆದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಬೊಮ್ಮಸಂದ್ರದವರೆಗೆ ಬಂತು. ಅಲ್ಲಿಂದ ಹೊಸೂರು ಕಣ್ಣಳತೆಯ ದೂರ. ಆ ಮೆಟ್ರೋ ಮುಂದೆ ಬರಬೇಕು ಅಂತ ನಾವು ಕೇಳಿದರೆ ಎರಡೂ ಕಡೆ ರಾಜಕೀಯ ಶುರುವಾಗುತ್ತದೆ. ಇನ್ನು ವಿಮಾನ ನಿಲ್ದಾಣ. 2024ರಲ್ಲಿ ತಮಿಳುನಾಡು ಸರ್ಕಾರ 2000 ಎಕರೆಯಲ್ಲಿ ಮಾಡುತ್ತೇವೆ ಅಂತ ಘೋಷಿಸಿತು. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದು ಬರಬಾರದು ಅಂತಿದೆ. ನೋಡೋಣ.

ತಳಿ ಹೋಬಳಿ

ಕೆಲಸ, ಮೆಟ್ರೋ ಎಲ್ಲ ಸರಿ. ಕನ್ನಡ ಶಾಲೆ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ, ಅದು ನನಗೆ ಬೇಜಾರು.

ತಳಿ, ಡೆಂಕಣಿಕೋಟೆ, ಹೊಸೂರು ಕಡೆ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ. ತಮಿಳುನಾಡು ಸರ್ಕಾರವೇ ನಡೆಸುವ ಶಾಲೆಗಳು. ನಾನೂ ಓದಿದ್ದು ಅಂಥದ್ದರಲ್ಲೇ. 2006ರಲ್ಲಿ ಎಲ್ಲ ಮಕ್ಕಳೂ ಒಂದನೇ ತರಗತಿಯಿಂದ ತಮಿಳು ಕಲಿಯಬೇಕು ಅನ್ನುವ ಕಾನೂನು ಬಂತು. ತಮಿಳು ಕಲಿಯಬೇಡಿ ಅಂತ ನಾನು ಹೇಳುವುದಿಲ್ಲ. ಇರುವ ನೆಲದ ಭಾಷೆ ಬೇಕೇ ಬೇಕು. ತೊಂದರೆ ಏನೆಂದರೆ ಹತ್ತನೇ ತರಗತಿಯಲ್ಲಿ ತಮಿಳು ಪತ್ರಿಕೆ ಕಡ್ಡಾಯ, ಮಾತೃಭಾಷೆ ಪತ್ರಿಕೆ ಬರೆದರೂ ಅದಕ್ಕೆ ಬೆಲೆ ಇಲ್ಲ ಅಂತಾದರೆ ಕನ್ನಡ ಮಾಧ್ಯಮಕ್ಕೆ ಯಾರು ಮಕ್ಕಳನ್ನು ಕಳಿಸುತ್ತಾರೆ? ಮದ್ರಾಸ್ ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೆ ಹೋದರು, ವಿನಾಯಿತಿ ಸಿಕ್ಕಿತು, 2023ರಲ್ಲೂ ಒಂದು ವರ್ಷಕ್ಕೆ ಸಿಕ್ಕಿತು. ಪ್ರತಿ ಸಲ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಯಾವ ಪತ್ರಿಕೆ ಬರೆಯಬೇಕು ಅಂತ ಗೊತ್ತಿರುವುದಿಲ್ಲ. ತೆಲುಗು ಮಾಧ್ಯಮದವರಿಗೂ ಇದೇ ಕಥೆ.

ಈ ಕಡೆ ಕರ್ನಾಟಕ ಏನು ಮಾಡಿದೆ? ಗಡಿನಾಡ ಕನ್ನಡಿಗರಿಗೆ ಸಿಇಟಿಯಲ್ಲಿ ಅವಕಾಶ ಇದೆ, ಅದು ನಿಜಕ್ಕೂ ದೊಡ್ಡ ಸಹಾಯ. ಆದರೆ ಆ ಪ್ರಮಾಣಪತ್ರಕ್ಕೆ ಓಡಾಡುವಾಗ ಒಂದು ಕಚೇರಿಯಲ್ಲಿ ನನಗೆ "ನೀವು ತಮಿಳುನಾಡಿನವರು, ಅಲ್ಲೇ ಕೇಳಿ" ಅಂದರು. ನಾನು ಕನ್ನಡದಲ್ಲೇ ಮಾತಾಡುತ್ತಿದ್ದೆ, ಕನ್ನಡದಲ್ಲೇ ಬರೆದ ಅರ್ಜಿ ಅದು. ಹೊಸೂರು ನಮ್ಮದು ಅಂತ ನವೆಂಬರ್‌ನಲ್ಲಿ ಬರೆಯುವವರು ಆ ಅರ್ಜಿಯ ಹಿಂದೆ ಒಂದು ಸಲ ನಿಂತರೆ ಸಾಕು.

ಆನೇಕಲ್ ಕಡೆಯವನು

ತಳಿಯವರೇ, ಇದು ನನ್ನ ಮನಸ್ಸಿಗೆ ತಾಕಿತು. ಗಡಿ ಸರಿಸುವ ಮಾತು ಆಡುವ ನಾವು ಆಚೆ ಇರುವ ಕನ್ನಡ ಶಾಲೆಗೆ ಒಂದು ಪುಸ್ತಕವನ್ನೂ ಕಳಿಸುವುದಿಲ್ಲ. 1956ರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಈ ವಿಷಯ ಬೇರೆ, ಇದಕ್ಕೆ ಗಡಿ ಸರಿಯಬೇಕಾಗಿಲ್ಲ. ಶಾಲೆಗಳ ಪಟ್ಟಿ ಇದ್ದರೆ ಇಲ್ಲೇ ಹಾಕಿ, ಪುಸ್ತಕ ತಲುಪಿಸುವ ಜವಾಬ್ದಾರಿ ನನ್ನದು.

ಪಿನಾಕಿನಿ ದಡ

ನನ್ನ ಹೆಸರಿನ ನದಿಯ ಬಗ್ಗೆ ಹೇಳದಿದ್ದರೆ ಈ ಚರ್ಚೆ ಅರ್ಧ. ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಕಡೆ ಹುಟ್ಟಿ, ಹೊಸಕೋಟೆ ಮೇಲೆ ಬಂದು, ಬಾಗಲೂರು ಸೀಮೆಯಲ್ಲಿ ತಮಿಳುನಾಡಿಗೆ ಸೇರುತ್ತದೆ. ಅಲ್ಲಿ ತೆನ್‌ಪೆಣ್ಣೈ ಅನ್ನುತ್ತಾರೆ. ಹೊಸೂರಿನ ಪಕ್ಕ ಕೆಲವರಪಳ್ಳಿ ಅಣೆ, ಮುಂದೆ ಕೃಷ್ಣಗಿರಿ ಅಣೆ, ಸಾತನೂರು ಅಣೆ, ಕೊನೆಗೆ ಕಡಲೂರಿನಲ್ಲಿ ಸಮುದ್ರ. ಬೆಳ್ಳಂದೂರು ಕೆರೆ ತುಂಬಿ ವರ್ತೂರು ಕೆರೆಗೆ, ವರ್ತೂರು ತುಂಬಿ ಇದೇ ಪಿನಾಕಿನಿಗೆ. ನಮ್ಮ ಬೆಂಗಳೂರಿನ ಬಚ್ಚಲ ನೀರು, ಸೋಪಿನ ನೀರು ಎಲ್ಲ ಹೊಸೂರಿನ ರೈತರ ಗದ್ದೆಗೆ ಹೋಗುತ್ತದೆ. ಮಳೆ ಜೋರಾದಾಗ ಕೆಲವರಪಳ್ಳಿ ಅಣೆಯಿಂದ ನೀರು ಬಿಟ್ಟರೆ ಆಳೆತ್ತರ ಬಿಳಿ ನೊರೆ ರಸ್ತೆಗೆ ಬರುತ್ತದೆ. ಅಲ್ಲಿ ಟೊಮೆಟೊ, ಗುಲಾಬಿ, ಸೊಪ್ಪು ಬೆಳೆದು ಮತ್ತೆ ಬೆಂಗಳೂರಿನ ಮಾರುಕಟ್ಟೆಗೇ ತರುತ್ತಾರೆ. ನಾವು ಕಳಿಸಿದ ಕೊಳಕು ನಮ್ಮ ತಟ್ಟೆಗೇ ವಾಪಸ್.

2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಅದು ಕೋಲಾರಕ್ಕೆ ಒಳ್ಳೆಯದಾಯಿತು, ಆದರೆ ನೊರೆ ನಿಂತಿಲ್ಲ. ಎರಡು ರಾಜ್ಯ ಈ ನದಿಗೆ ಕೋರ್ಟಿಗೆ ಹೋದದ್ದು ಬಂಗಾರಪೇಟೆ ಹತ್ತಿರದ ಯರಗೋಳು ಅಣೆಯ ವಿಷಯಕ್ಕೆ, ನೀರು ಎಷ್ಟು ಅಂತ. ನೀರು ಎಂಥದ್ದು ಅನ್ನುವುದಕ್ಕೆ ಅಷ್ಟು ಜೋರಾಗಿ ಯಾರೂ ಕೂಗಲಿಲ್ಲ. ಇಲ್ಲಿ ತಪ್ಪು ಜಾಸ್ತಿ ನಮ್ಮ ಕಡೆಯದೇ.

ತಳಿ ಹೋಬಳಿ

ಆನೆಗಳನ್ನೂ ಸೇರಿಸಿ. ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿ, ತಳಿ, ಅಲ್ಲಿಂದ ಹೊಸೂರಿನ ಪಕ್ಕದ ಸಾನಮಾವು ಕಾಡಿನವರೆಗೆ ಹಿಂಡು ಬರುತ್ತದೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ. 2014ರಲ್ಲಿ ಕಾವೇರಿ ಉತ್ತರ ವನ್ಯಧಾಮ ಅಂತ 500 ಚದರ ಕಿಲೋಮೀಟರ್ ಕಾಡು ಘೋಷಿಸಿದರು, 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮ. ನಕ್ಷೆಯಲ್ಲಿ ಇವು ಕರ್ನಾಟಕದ ಕಾವೇರಿ ವನ್ಯಧಾಮ, ಬನ್ನೇರುಘಟ್ಟಕ್ಕೆ ಅಂಟಿಕೊಂಡೇ ಇವೆ. ಆನೆ ಓಡಿಸುವುದರಲ್ಲಿ ಮಾತ್ರ ಎರಡು ಇಲಾಖೆ. ಈ ಕಡೆಯವರು ಆ ಕಡೆ ಅಟ್ಟುತ್ತಾರೆ, ಆ ಕಡೆಯವರು ಈ ಕಡೆ. ನಡುವೆ ಹೊಲ ಹೋಗುವುದು ನಮ್ಮದು. ಒಂದು ಫೋನ್ ಮಾಡಿಕೊಂಡು ಒಟ್ಟಿಗೆ ಕೆಲಸ ಮಾಡಿದರೆ ಅರ್ಧ ಬೆಳೆ ಉಳಿಯುತ್ತದೆ.

ಶಾಲೆಗಳ ಪಟ್ಟಿ ಈ ವಾರ ಹಾಕುತ್ತೇನೆ. ಮೊದಲು ಬೇಕಾಗಿರುವುದು ಆರರಿಂದ ಹತ್ತನೇ ತರಗತಿಯವರಿಗೆ ಕನ್ನಡ ನಿಘಂಟು ಮತ್ತು ಕಥೆ ಪುಸ್ತಕ. ಪಠ್ಯಪುಸ್ತಕ ಸಿಗುತ್ತದೆ, ಅದು ಬಿಟ್ಟು ಓದಲು ಏನೂ ಇರುವುದಿಲ್ಲ.

ಶಾಸನದ ಹುಚ್ಚು

ಈ ಭಾನುವಾರ ಯಾರಾದರೂ ಆ ಕಡೆ ಹೋಗುವುದಿದ್ದರೆ, ಬರೀ ಹೊಸೂರು ಬೆಟ್ಟ ಹತ್ತಿ ವಾಪಸ್ ಬರಬೇಡಿ. ಕೆಲಮಂಗಲ ದಾಟಿ ರಾಯಕೋಟೆಗೆ ಹೋಗಿ. ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹತ್ತಲು ಮೆಟ್ಟಿಲು ಜಾಸ್ತಿ, ನೀರು ಕೈಯಲ್ಲೇ ಇರಲಿ, ಬೆಳಗ್ಗೆ ಬೇಗ ಹೊರಡಿ. ಮೇಲೆ ನಿಂತು ಬಾರಾಮಹಲ್ ಕಡೆ ನೋಡಿದರೆ, ಪಿನಾಕಿನಿ ದಡದವರು ಮೊದಲ ಬರಹದಲ್ಲಿ ಹೇಳಿದ ಘಟ್ಟದ ಬಾಯಿ ಯಾಕೆ ಕಂಪನಿಗೆ ಅಷ್ಟು ಬೇಕಿತ್ತು ಅನ್ನುವುದು ಕಣ್ಣಾರೆ ಕಾಣುತ್ತದೆ. ಬರುವಾಗ ತೊರಪಳ್ಳಿಯಲ್ಲಿ ರಾಜಾಜಿ ಮನೆ ನೋಡಿಕೊಂಡು ಬರಬಹುದು.